ದೊರೆಯ ಮುಷ್ಟಿ

"ಕೇಳ್ರಪ್ಪೋ ಕೇಳ್ರಿ! ಗುಡ್ಡದ ಮಠದಲ್ಲಿ ಓದೋ ದೊಡ್ಡ ಹುಡುಗ್ರೆಲ್ಲಾ ನಾಳೆ ಅರಮನೆಗೆ ಬರ್ಬೇಕು. ದೊರೆ ಮೂರು ಒಗಟು ಕೇಳ್ತಾರೆ. ಮೂರೂ ಬಿಡಿಸಿದವನಿಗೆ ಬೇಡಿದ್ದು ಸಿಗುತ್ತೆ, ತಪ್ಪಿದವನ ತಲೆ ಉಳಿಯಲ್ಲ."

ಡಂಗುರ ಕೇಳಿದ್ದೇ ತಿಪ್ಪ ಹೆದರಿ ಬಾಗಿಲ ಹಿಂದೆ ಅವಿತ್ಕೊಂಡ. ಅವನೋ ಮಠಕ್ಕೇ ದಡ್ಡ. ಅಲ್ಲಿ ಗುರುಗಳು ಹೇಳ್ಬೇಕು, ಹುಡುಗ್ರು ಒಂದೇ ದನೀಲಿ ಒಪ್ಪಿಸ್ಬೇಕು, ಅಷ್ಟೇ ಪಾಠ. ಮಧ್ಯ ಬಾಯಿ ಹಾಕಿ "ಯಾಕೆ" ಅಂದ್ರೋ, ಹುಣಸೆ ಬರ್ಲಿನ ಏಟು. ತಿಪ್ಪನ ಬೆನ್ನ ತುಂಬಾ ಅದರದ್ದೇ ಬರೆ. ಅವನಣ್ಣ ಓಬಣ್ಣನಿಗೆ ಮಾತ್ರ ಎಲ್ಲಾ ಬಾಯಿಪಾಠ.

"ಹೆದರ್ಬೇಡ ಕಣೋ. ನಾನೇ ಮೊದ್ಲು ಹೋಗಿ ಗೆಲ್ತೀನಿ, ನಿನ್ ಸರದಿ ಬರೋದೇ ಇಲ್ಲ" ಅಂದ ಓಬಣ್ಣ.

ಮಾರನೇ ದಿನ ಗುರುಗಳೂ ಹುಡುಗ್ರೂ ಅರಮನೇಲಿ ಸೇರಿದ್ರು. ದೊರೆ ಮುಷ್ಟಿ ಬಿಗಿದು ಕೂತಿದ್ರು. "ನನ್ನ ಬಾವಿ ಮಳೆಗಾಲದಲ್ಲಿ ಇಳಿಯುತ್ತೆ, ಬೇಸಿಗೇಲಿ ತುಂಬುತ್ತೆ, ಯಾಕೆ? ಕಂಚಿನ ತೊಟ್ಟೀಲಿ ಕಬ್ಬಿಟ್ರೆ ನನ್ನ ಆನೆ ಮುಟ್ಟಲ್ಲ, ನೆಲಕ್ಕೆ ಹಾಕಿದ್ರೆ ತಿನ್ನುತ್ತೆ, ಯಾಕೆ? ಈ ಮುಷ್ಟೀಲಿ ಏನಿದೆ?"

ಓಬಣ್ಣ ಕಣ್ಮುಚ್ಚಿ ಗಡಗಡ ಒಪ್ಪಿಸ್ದ. "ಬಾವಿಗೆ ಗಂಗೆಯ ಮುನಿಸು, ಆನೆಗೆ ಶನಿ ಕಾಟ, ಮುಷ್ಟೀಲಿ ಲೋಕದ ಹಣೆಬರಹ."

ಅವನನ್ನ ಗೋಡೆ ಆಚೆ ಕರ್ಕೊಂಡು ಹೋದ್ರು. ನಗಾರಿ ಢಂ ಅಂತು. ಆಮೇಲೆ ಸಿದ್ಲಿಂಗ ಎದ್ದ, ಅದೇ ಪಾಠ, ಹಣೆಬರಹದ ಬದ್ಲು ಚಿನ್ನ ಅಂದ. ಢಂ. ಅವನ ಹಿಂದಿನವನು ಧರ್ಮ ಅಂದ. ಢಂ.

ಅಣ್ಣನೇ ಹೋದ್ಮೇಲೆ ಇನ್ನೇನು ಅಂತ ತಿಪ್ಪ ಎದ್ದ. "ನಾನೊಂದ್ಸಲ ಬಾವಿ ನೋಡ್ಬಹುದಾ ದೊರೆ?"

"ದೊರೆಗೇ ಪ್ರಶ್ನೆ ಹಾಕ್ತೀಯೇನೋ ತಲೆಹರಟೆ" ಅಂತ ಗುರುಗಳು ಹಲ್ಲು ಕಡಿದ್ರು.

"ಹೋಗಿ ನೋಡು" ಅಂದ್ರು ದೊರೆ.

ತಿಪ್ಪ ಬಾವಿ ಸುತ್ತಿದ, ಕಾಲುವೆ ಹಿಡಿದು ಕೆರೆ ತನಕ ಹೋದ, ತೂಬು ನೋಡ್ಕೊಳ್ಳೋ ನೀರುಗಂಟಿಯನ್ನ ಕೇಳ್ದ, ಆನೆ ತೊಟ್ಟಿ ಮುಟ್ಟಿ ಅಯ್ಯಪ್ಪಾ ಅಂತ ಕೈ ಕೊಡವಿದ, ಓಡೋಡಿ ಬಂದ.

"ಬೇಸಿಗೇಲಿ ಕೆರೆ ತೂಬು ತೆಗೀತಾರೆ ದೊರೆ, ಕಾಲುವೆ ನೀರು ಬಾವಿಗೆ ಒಸರುತ್ತೆ. ಮಳೆಗಾಲದಲ್ಲಿ ತೂಬು ಮುಚ್ತಾರೆ, ಒಸರೂ ನಿಲ್ಲುತ್ತೆ. ತೊಟ್ಟಿ ಇರೋದು ಬಿಸಿಲಲ್ಲಿ, ಕಂಚು ಕಾದು ಆನೆ ಸೊಂಡಿಲು ಸುಡುತ್ತೆ."

"ಮೂರನೇದು?"

"ಮುಷ್ಟಿ ಬಿಚ್ಚಿ, ನೋಡಿ ಹೇಳ್ತೀನಿ."

ದೊರೆ ಬಿಚ್ಚಿದ್ರು. ಒಳಗಿದ್ದಿದ್ದು ಒಂದು ಹುಣಸೆ ಬೀಜ.

"ಹುಣಸೆ ಬೀಜ" ಅಂದ ತಿಪ್ಪ. ಆಮೇಲೆ ಗೋಡೆ ಕಡೆ ತಿರುಗಿ ನೋಡ್ದ. "ನಮ್ಮಣ್ಣ ಕೇಳಿದ್ರೂ ಬಿಚ್ತಿದ್ರಾ?"

"ಯಾರು ಕೇಳಿದ್ರೂ ಬಿಚ್ತಿದ್ದೆ ಕಣಪ್ಪ. ಗೆದ್ದಿದ್ದೀಯ, ಬೇಡು."

ಅಣ್ಣನ್ನ ಬೇಡೋ ಹಾಗಿರ್ಲಿಲ್ಲ. ತಿಪ್ಪ ಮಠ ಬೇಡ್ದ. ಗುರುಗಳನ್ನ ಇಳಿಸಿ ಅವನನ್ನೇ ಕೂರಿಸಿದ್ರು.

ಮಾರನೇ ದಿನ ಮಠದಲ್ಲಿ, ಅರಮನೆ ಕತೆ ಕೇಳಿದ್ದ ಚಿಕ್ಕ ಹುಡುಗ್ರು ಸಾಲಾಗಿ ಕೈಕಟ್ಟಿ ಕೂತಿದ್ರು. ತಿಪ್ಪ ಬರ್ಲು ಮುರಿದು ಬಿಸಾಕಿ, ಮುಷ್ಟಿ ಬಿಗಿದು ಮುಂದೆ ಚಾಚಿದ. "ಇದರಲ್ಲಿ ಏನಿದೆ?"

"ಹುಣಸೆ ಬೀಜ ಗುರುಗಳೇ" ಅಂದ್ರು ಎಲ್ಲಾ, ಒಂದೇ ದನೀಲಿ.

ಅವನ ಮುಷ್ಟಿ ಖಾಲಿ ಇತ್ತು.