ಬಿಲ್ಲವ್ವನ ಗಡಿಗೆಯ ಕಿವಿಗಳು

ಒಂದಾನೊಂದು ಊರಿನಲ್ಲಿ ಅಂತ ಶುರುಮಾಡೋಣವೆಂದರೆ ಅದು ಊರೇ ಅಲ್ಲ, ಕೆಂಪು ಹೊಳೆ. ಅದರ ತುಂಬ ಹಪ್ಪಳದಂಥ ಚಪ್ಪಟೆ ಮನೆಗಳು ತೇಲುತ್ತಿದ್ದವು. ಹೊಳೆಯ ದಂಡೆ ಒಡೆದರೆ ಜನ ಮನೆ ಸಮೇತ ಓಡಿಹೋಗಿ, ಒಬ್ಬರಿಗೊಬ್ಬರು ಅಂಟಿಕೊಂಡು, ತೂತು ಮುಚ್ಚಬೇಕು. ಅಂಥವರಲ್ಲೊಬ್ಬಳು ಬಿಲ್ಲವ್ವ.

ಅಲ್ಲಿನ ಜನರ ಕಿವಿಗಳಿದ್ದದ್ದು ತಲೆಯಲ್ಲಲ್ಲ, ಮನೆಯ ಹೊರಗೋಡೆಯಲ್ಲಿ. ಒಂದು ಕೂಗು ಕೇಳಿದ ಕಿವಿಗೆ ದಣಿವಾಗುತ್ತದೆ, ಅದನ್ನು ಒಳಗೆ ತಂದು ಗಡಿಗೆಯಲ್ಲಿ ಮಲಗಿಸಬೇಕು. ಅದು ಅವರ ಪದ್ಧತಿ. ಹೊಸ ಕಿವಿ ಮಾಡುವ ವಿದ್ಯೆ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಅಲ್ಲಿನ ರಾಜ ಕೆಂಚರಾಯನಿಗೆ ಕೂಗುವ ಹುಚ್ಚು. ಸೊಳ್ಳೆ ಕೂತರೆ, "ದಂಡೆ ಒಡೀತು, ಬನ್ರೋ!" ಮೈ ತುರಿಸಿದರೆ, "ದಂಡೆ ಒಡೀತು, ಬನ್ರೋ!" ಬೇಜಾರಾದರೂ ಅದೇ. ಜನ ಓಡುವರು, ತೂತು ಹುಡುಕುವರು, ಪೆಚ್ಚುಮೋರೆ ಹಾಕಿಕೊಂಡು ಬರುವರು, ಒಂದು ಕಿವಿ ಗಡಿಗೆಗೆ. ಹೀಗೇ ಗಡಿಗೆಗಳು ತುಂಬಿದವು, ಗೋಡೆಗಳು ಬೋಳಾದವು. ಕೊನೆಗೆ ಬಿಲ್ಲವ್ವನ ಗೋಡೆಯಲ್ಲಿ ಒಂದೇ ಕಿವಿ ಉಳಿಯಿತು. ಉಳಿದವರಿಗೆ ಅದೂ ಇಲ್ಲ.

ಒಂದು ದಿನ ದಂಡೆ ನಿಜವಾಗಿಯೂ ಒಡೆಯಿತು. ರಾಜ ಎಲ್ಲರ ಹೆಸರು ಹಿಡಿದು ಕೂಗಿದ. ಯಾರೂ ಬರಲಿಲ್ಲ.

"ಬಿಲ್ಲವ್ವಾ, ನೀನಾದ್ರೂ ಬಾರವ್ವಾ!"

ಬಿಲ್ಲವ್ವನಿಗೆ ಗಲಿಬಿಲಿ. "ಸುಳ್ಳಾದ್ರೂ ಹೀಗೇ ಕೂಗ್ತಾನೆ, ನಿಜವಾದ್ರೂ ಹೀಗೇ ಕೂಗ್ತಾನೆ. ಏನ್ ಮಾಡ್ಲಿ?" ಅಷ್ಟರಲ್ಲಿ ಮನೆಯ ತಳ ಹೊಳೆಯ ಕಲ್ಲಿಗೆ ತಾಗಿತು. ನೀರು ಬತ್ತುತ್ತಿತ್ತು! ಅವಳಿಗೆ ಭಯವಾಯಿತು. ಆದರೂ ಪದ್ಧತಿ ಬಿಡಲಾದೀತೆ? ಆ ಕೊನೆಯ ಕಿವಿಯನ್ನೂ ಗಡಿಗೆಗೆ ಹಾಕಿಯೇ ಓಡಿದಳು.

ತೂತು ದೊಡ್ಡದು, ಬಿಲ್ಲವ್ವ ಒಬ್ಬಳು. ದಂಡೆಗೆ ಗಟ್ಟಿಯಾಗಿ ಅಂಟಿಕೊಂಡು, ದಿಕ್ಕು ತೋಚದೆ ಗಡಿಗೆಯನ್ನೇ ಬೋರಲು ಹಾಕಿದಳು. ಮಲಗಿದ್ದ ಕಿವಿಗಳೆಲ್ಲ ಎಚ್ಚೆತ್ತು ತೇಲಿಹೋಗಿ ನೆರೆಹೊರೆಯ ಬೋಳು ಗೋಡೆಗಳಿಗೆ ಕಚ್ಚಿಕೊಂಡವು. ಅವು ಬಿಲ್ಲವ್ವನ ಕಿವಿಗಳು. ಹಾಗಾಗಿ ಇನ್ನೂ ಕೂಗುತ್ತಲೇ ಇದ್ದ ರಾಜನ ಬಾಯಿಂದ ಅವಕ್ಕೆ ಕೇಳಿಸಿದ್ದು ಅವಳ ಹೆಸರೊಂದೇ.

"ನನ್ನನ್ನೇ ಕರೀತಿದ್ದಾರೆ!" ಎಂದು ಪಕ್ಕದ ಮನೆಯ ತಿಮ್ಮಕ್ಕ ಹೊರಟಳು. "ನಾನು ಯಾವಾಗ ಬಿಲ್ಲವ್ವ ಆದೆ?"

"ನಾನೂ ಬಿಲ್ಲವ್ವನೇ ಕಣೆ, ಮೀಸೆ ಯಾಕಿದೆಯೋ ಗೊತ್ತಿಲ್ಲ," ಎಂದು ಅವಳ ಗಂಡನೂ ಓಡಿದ.

ನೂರು ಬಿಲ್ಲವ್ವಂದಿರು ಓಡಿಬಂದು ಒಬ್ಬರ ಮೇಲೊಬ್ಬರು ಅಂಟಿಕೊಂಡರು. ತೂತು ಮುಚ್ಚಿತು. ಹೊಳೆ ತುಂಬಿತು.

ರಾಜನಿಗೆ ಅಳುವೇ ಬಂತು. ಮೊದಲ ಸಲ ಮೆಲ್ಲಗೆ ಕರೆದ: "ಬಿಲ್ಲವ್ವಾ, ಎಲ್ಲಿದ್ದೀಯವ್ವಾ?"

"ಓ!" ಎಂದು ನೂರು ಮಂದಿ ಓಗೊಟ್ಟರು. ಎಲ್ಲರ ಅಡಿಯಲ್ಲಿ ದಂಡೆಗೆ ಅಂಟಿದ್ದ ಒಬ್ಬಳು ಮಾತ್ರ ಓಗೊಡಲಿಲ್ಲ. ಅವಳ ಹತ್ತಿರ ಒಂದು ಕಿವಿಯೂ ಉಳಿದಿರಲಿಲ್ಲ.

ನೀತಿ ಬೇಕೆ? ಸೊಳ್ಳೆ ಕಚ್ಚಿದರೆ ತುರಿಸಿಕೊಳ್ಳಿ, ಕೂಗಬೇಡಿ. ಅವರು ಅಲ್ಲಿ ಗಾಯದ ಬಾಯಲ್ಲಿ ಹೆಪ್ಪುಗಟ್ಟಿ ಚೆನ್ನಾಗಿದ್ದಾರೆ, ನಾವು ಇಲ್ಲಿ ಸೊಳ್ಳೆ ಹೊಡೆಯುತ್ತ ಕೂತಿದ್ದೇವೆ.