ನಿಂಗೋಜಿಯ ಕೈಕೆಳಗಿನ ವಿಮಾನ

ಒಬ್ಬ ತಾಯಿ, ಒಬ್ಬ ಮಗ. ತಾಯಿ ಕಾಳಮ್ಮನಿಗೆ ಇದ್ದದ್ದು ಒಂದೇ ಆಸೆ; ಮಗ ವೀರೋಜಿಗೆ ಒಂದೂ ಅನುಮಾನ ಇರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಹಾಗಾಗಿಯೇ ಕೇರಿಯಲ್ಲಿ ಯಾರೂ ಅವನಿಗೆ ಏನೂ ಹೇಳುತ್ತಿರಲಿಲ್ಲ.

ಕಾಳಮ್ಮನ ಗಂಡ ನಿಂಗೋಜಿ ವಿಮಾನದ ಮೆಕ್ಯಾನಿಕ್. ಸಾಯುವಾಗ ಬಿಟ್ಟುಹೋದದ್ದು ಒಂದು ಫೋಟೋ: ಯಾವುದೋ ಪ್ರಯೋಗದ ವಿಮಾನ, ಅದರ ರೆಕ್ಕೆಯ ಮೇಲೆ ಕೈಯಿಟ್ಟು ನಿಂತ ನಿಂಗೋಜಿ. ಹಳೇ ಏರೋಡ್ರೋಮಿನಲ್ಲಿ ಹಳೇ ವಿಮಾನಗಳ ಫೋಟೋಶಾಲೆ ತೆರೆಯುತ್ತಾರಂತೆ ಎಂದು ಕೇಳಿದ್ದೇ, ಅವಳು ಫೋಟೋವನ್ನು ಸೆರಗಿನಲ್ಲಿ ಸುತ್ತಿಕೊಂಡು, ಅದನ್ನು ಅಲ್ಲಿನ ಗೋಡೆಗೆ ಹಾಕಿಸಬೇಕೆಂದು ಮಗನನ್ನು ಎಳೆದುಕೊಂಡು ಹೋದಳು.

ಅಲ್ಲಿನ ಉಸ್ತುವಾರಿ ಚೆಂಗಪ್ಪ, ವಾಯುಪಡೆಯಿಂದ ನಿವೃತ್ತರಾದವರು. ಕನ್ನಡಕ ಒರೆಸಿ ಒರೆಸಿ ನೋಡಿದರು.

“ಯಾವ ವಿಮಾನ ಅಂತ ನನಗೇ ತಿಳೀತಿಲ್ಲವಲ್ಲಮ್ಮ! ಗುರುತು ಸಿಕ್ಕದೆ ಗೋಡೆಗೆ ಹಾಕೋ ಹಾಗಿಲ್ಲ. ಸಿಕ್ಕರೆ ಖಂಡಿತ ಹಾಕ್ತೀನಿ. ಇವನು ಮಗನಾ? ಇರಲಿ, ನನಗೂ ಒಬ್ಬ ಬೇಕು.”

“ಬುದ್ಧಿ ಸ್ವಲ್ಪ…” ಅಂದಳು ಕಾಳಮ್ಮ.

“ನಾನು ಹೇಳಿಕೊಡ್ತೀನಿ!” ಅಂದರು ಚೆಂಗಪ್ಪ. ಹೇಳಿಕೊಡುತ್ತೇನೆ ಎಂದವರಲ್ಲಿ ಅವರು ಮೊದಲಿಗರೇನಲ್ಲ.

“ನೋಡು ವೀರೋಜಿ, ವಿಮಾನ ಗುರುತಿಸೋವಾಗ ಮುಂದೆ ನಿಂತ ಜನರನ್ನೆಲ್ಲ ತೆಗೆದುಹಾಕಿ ನೋಡಬೇಕು.”

ಮಧ್ಯಾಹ್ನದ ಹೊತ್ತಿಗೆ ವೀರೋಜಿ ಅಲ್ಲಿದ್ದ ಫೋಟೋಗಳಿಂದ ಜನರನ್ನೆಲ್ಲ ಕತ್ತರಿ ಹಿಡಿದು ತೆಗೆದುಹಾಕಿದ್ದ. ಪೈಲಟ್ಟುಗಳು ಹೋದರು, ಹಾರ ಹಾಕಿಸಿಕೊಂಡವರು ಹೋದರು, ಹಾರ ಹಾಕಿದವರೂ ಹೋದರು.

“ಅವರೆಲ್ಲ ಎಲ್ಲೋ?”

“ಕಸದ ಬುಟ್ಟೀಲಿ ಸಾರ್. ವಿಮಾನ ಈಗ ಎಷ್ಟು ಚೆನ್ನಾಗಿ ಕಾಣುತ್ತೆ ನೋಡಿ!”

ಚೆಂಗಪ್ಪ ಕಿರುಚಿದರು. ಕಾಳಮ್ಮ ಹಣೆ ಚಚ್ಚಿಕೊಂಡಳು. “ನನ್ನ ಹೊಟ್ಟೇಲಿ ಹುಟ್ಟಿದ ಒನಕೆಯೇ! ಇನ್ನು ಕತ್ತರಿ ಮುಟ್ಟಿದರೆ ನೋಡು!”

“ಮುಟ್ಟಲ್ಲಮ್ಮ.”

ಚೆಂಗಪ್ಪ ಉಸಿರು ಎಳೆದುಕೊಂಡರು. “ಮೊದಲು ಬಾಲ ನೋಡೋ ಮಹಾರಾಯ. ನಂಬರು ಅಲ್ಲಿರುತ್ತೆ. ಬಾಲ ನೋಡದೆ ಇದು ಇಂಥದ್ದು ಅಂತ ಬಾಯಿ ಬಿಡಬೇಡ.”

ಮರುದಿನ ಬಾಗಿಲಿಗೆ ಒಬ್ಬ ಹಿರಿಯರು ಬಂದರು. ಬಿಳಿ ಮೀಸೆ, ನೀಲಿ ಕೋಟು. ಉದ್ಘಾಟನೆ ಮಾಡಬೇಕಿದ್ದ ವಿಂಗ್ ಕಮಾಂಡರ್ ಅಳಗವಾಡಿ, ಮೊದಲೇ ಒಮ್ಮೆ ನೋಡಿಹೋಗಲು ಬಂದಿದ್ದರು.

“ಏನಪ್ಪಾ, ನಾನು ಯಾರು ಗೊತ್ತಾಯ್ತಾ?”

ವೀರೋಜಿ ಬಾಯಿ ಬಿಡಲಿಲ್ಲ. ಸುತ್ತಿ ಹಿಂದೆ ಹೋದ. ಕೋಟಿನ ಅಂಚು ಎತ್ತಿ ನೋಡಿದ. ಇನ್ನೊಂದು ಸಲ ಬಗ್ಗಿ ನೋಡಿದ.

“ಇಲ್ಲ ಸಾರ್. ನಿಮಗೆ ನಂಬರೇ ಇಲ್ಲ.”

ಅಳಗವಾಡಿಯವರು ಬಂದ ಕಾರಿನಲ್ಲೇ ವಾಪಸು ಹೋದರು.

“ಅಯ್ಯೋ ಪಾಪಿ! ಪ್ರಯೋಗದ ವಿಮಾನ ಹಾರಿಸಿದವರೇ ಅವರು ಕಣೋ! ನಿಮ್ಮಪ್ಪನ ವಿಮಾನ ಗುರುತಿಸೋರು ಇದ್ದರೆ ಅವರೊಬ್ಬರೇ! ನೀನೊಂದು ವಿಫಲ ಪ್ರಯೋಗ!” ಅಂದರು ಚೆಂಗಪ್ಪ. “ಕೇಳು. ಬುದ್ಧಿ ಓಡಿಸಬೇಡ. ಗುರುತು ಗೊತ್ತಿರೋದನ್ನ ಮಾತ್ರ ಗೋಡೆಗೆ ಹಾಕು, ಗೊತ್ತಿಲ್ಲದ್ದು ಬೇಡ. ಕೆಳಗೆ ಚೀಟಿ ಅಂಟಿಸು: ಮಾದರಿ, ಎಷ್ಟು ತಯಾರಾದವು, ಆಮೇಲೆ ಏನಾಯ್ತು. ಅಷ್ಟೇ!”

“ಅಷ್ಟೇ ಸಾರ್!”

ಉದ್ಘಾಟನೆಯ ಬೆಳಿಗ್ಗೆ ಚೆಂಗಪ್ಪ ಕಾಲು ಹಿಡಿದು ಕರೆತಂದಿದ್ದ ಅಳಗವಾಡಿಯವರು ರಿಬ್ಬನ್ನಿನತ್ತ ನಡೆದಿದ್ದರು. ಗೋಡೆಯ ಮುಂದೆ ನಿಂತೇಬಿಟ್ಟರು. ಕಾಳಮ್ಮನೂ ನಿಂತಳು. ಗೋಡೆಯ ಮೇಲೆ ನಿಂಗೋಜಿ ಇದ್ದ. ಕೈ ಚಾಚಿಕೊಂಡೇ ಇದ್ದ. ಕೈಕೆಳಗೆ ವಿಮಾನ ಇರಲಿಲ್ಲ. ಕೆಳಗೆ ಚೀಟಿ:

“ಮಾದರಿ: ನಿಂಗೋಜಿ. ತಯಾರಾದದ್ದು: ಒಂದೇ. ಆಮೇಲೆ ಇದರಿಂದ ಬಂದ ಹೊಸ ಮಾದರಿ: ವೀರೋಜಿ. ವಿಫಲ ಪ್ರಯೋಗ.”

“ಕತ್ತರಿ ಮುಟ್ಟಬೇಡ ಅಂದಿದ್ದೆನಲ್ಲೋ!”

“ಮುಟ್ಟಿಲ್ಲಮ್ಮ. ಬ್ಲೇಡು.”

ಅಳಗವಾಡಿಯವರ ಮೀಸೆ ಅಲುಗಿತು. “ಅರೆ! ನಮ್ಮ ನಿಂಗೋಜಿ! ನನ್ನ ವಿಮಾನದ ರೆಕ್ಕೆ ಮೇಲೆ ಕೈಯಿಡದೆ ಯಾವತ್ತೂ ನನ್ನನ್ನ ಹಾರೋಕೆ ಬಿಟ್ಟವನಲ್ಲ. ಆ ವಿಮಾನ ಎಲ್ಲಿ?”

“ಕಸದ ಬುಟ್ಟೀಲಿ ಸಾರ್. ಅದರ ಗುರುತು ಯಾರಿಗೂ ಇರಲಿಲ್ಲ.”

ಓಡಿ ತಂದ. ಅಳಗವಾಡಿಯವರು ಅಂಗೈ ಮೇಲಿಟ್ಟುಕೊಂಡು ನೋಡಿದರು. “ಇದೇ! ‘ಗರಿ’ ಅಂತ ಕರೀತಿದ್ದೆವು. ಒಂದೇ ಒಂದು ಕಟ್ಟಿದ್ದು. ಇದರ ಬೇರೆ ಚಿತ್ರ ನಾನು ಕಂಡಿಲ್ಲ.”

ಕಾಳಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಗುರುತು ಸಿಕ್ಕಿತ್ತು!

ಚೆಂಗಪ್ಪ ಕುಣಿದರು. “ಓಡೋ ವೀರೋಜಿ! ಎಲ್ಲಿಂದ ತೆಗೆದೆಯೋ ಅಲ್ಲೇ ಹಾಕು!”

ವೀರೋಜಿ ಓಡಿದ. ಬುಟ್ಟಿಯಿಂದ ತೆಗೆದಿದ್ದ, ಬುಟ್ಟಿಗೇ ಹಾಕಿದ.

“ಬುಟ್ಟಿಗಾ? ಹಾಗಾದರೆ ಆ ಬುಟ್ಟೀನೇ ತಗೊಂಡುಹೋಗಿ ಗೋಡೆಗೆ ನೇತುಹಾಕು!” ಎಂದು ಗುಡುಗಿ ಚೆಂಗಪ್ಪ ನೀರು ಕುಡಿಯಲು ಹೋದರು.

ಅವರು ನೀರು ಕುಡಿದು ಬರುವಷ್ಟರಲ್ಲಿ ರಿಬ್ಬನ್ ಕತ್ತರಿಸಿ ಜನ ಒಳಗೆ ಬಂದಿದ್ದರು. ಗೋಡೆಯ ಮೇಲೆ ನಿಂಗೋಜಿ, ಪಕ್ಕದಲ್ಲೇ ಮೊಳೆ ಹೊಡೆದು ನೇತುಹಾಕಿದ ಕಸದ ಬುಟ್ಟಿ. ಅವನ ಕೈ ಸರಿಯಾಗಿ ಬುಟ್ಟಿಯ ಅಂಚಿಗೆ ಕೂತಿತ್ತು. ಅಂಟು ಇನ್ನೂ ಒಣಗದ ಚೀಟಿಯೊಂದು ಹೇಳುತ್ತಿತ್ತು:

“ಗರಿ. ತಯಾರಾದದ್ದು: ಒಂದೇ. ಒಳಗೆ ಪೈಲಟ್ಟುಗಳೂ ಇದ್ದಾರೆ.”