ಹೆಪ್ಪು ಉಳಿಸದ ಊರು

“ಗುರುಗಳೇ, ಪ್ರಳಯ ಯಾವಾಗ ಆಗುತ್ತದೆ?” ಎಂದು ಅಡಿವೆಯ್ಯ ಕೇಳಿದ.

ಅವನು ಮಠದ ಶಿಷ್ಯ. ಹಿಂದಿನ ದಿನ ಪೇಟೆಗೆ ಹೋದವನು ಒಂದು ಸಿನಿಮಾ ನೋಡಿ ಬಂದಿದ್ದ. ಅದರಲ್ಲಿ ಸಮುದ್ರ ಎದ್ದು ಬೆಟ್ಟಗಳನ್ನೇ ನುಂಗಿತ್ತು. ಪುರಾಣದಲ್ಲಿ ಓದಿದ್ದೇ ಕಣ್ಣೆದುರು ಬಂದಂತಾಗಿ ಅವನಿಗೆ ಊಟ ಸೇರಿರಲಿಲ್ಲ.

“ತಿಳಿದರೆ ಏನು ಮಾಡುತ್ತೀ?” ಎಂದರು ಗುರುಗಳು.

“ಊರಿಗೆ ಹೋಗಿ ಅಪ್ಪನ ಕಾಲು ಹಿಡಿಯುತ್ತೇನೆ. ಜಗಳವಾಡಿ ಬಂದವನು ಮತ್ತೆ ಮುಖ ತೋರಿಸಿಲ್ಲ.”

ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕುಂಬಾರನಿದ್ದ. ಪಕ್ಕದ ಮನೆಯೇ ಅವನ ಅಣ್ಣನದು. ಇಬ್ಬರಿಗೂ ಮಾತಿಲ್ಲ. ತಂಗಿಯ ಮದುವೆಯಲ್ಲಿ ಊರಿಗೆಲ್ಲ ಊಟಕ್ಕೆ ಏಳಿ ಎಂದ ಅಣ್ಣ ತನಗೊಬ್ಬನಿಗೆ ಬಾಯಿಬಿಟ್ಟು ಹೇಳಲಿಲ್ಲವೆಂದು ತಮ್ಮನ ಸಿಟ್ಟು. ಮನೆಯವನನ್ನೂ ಯಾರಾದರೂ ಕರೆಯುತ್ತಾರೆಯೇ ಎಂದು ಅಣ್ಣನ ಸಿಟ್ಟು. ಆ ತಂಗಿಗೆ ಮಕ್ಕಳಾಗಿ, ಆ ಮಕ್ಕಳು ಶಾಲೆಗೆ ಹೋಗುವಷ್ಟಾದರೂ ಇವರ ಸಿಟ್ಟು ಮಾತ್ರ ಹಾಗೇ ಇತ್ತು.

ಹೀಗಿರುವಾಗ ಕಾಲಜ್ಞಾನ ಹೇಳುವವನೊಬ್ಬ ಊರಿಗೆ ಬಂದು, ಬರುವ ಅಮಾವಾಸ್ಯೆಗೆ ಲೋಕ ಮುಳುಗುತ್ತದೆ ಎಂದು ಸಾರಿ ಹೋದ. ಊರು ನಂಬಿತು. ಅಮಾವಾಸ್ಯೆಯ ದಿನ ಮನೆಮನೆಯಲ್ಲೂ ಹಬ್ಬದಡುಗೆ. ಇದ್ದ ಬೆಲ್ಲ, ತುಪ್ಪ ಎಲ್ಲ ಖಾಲಿ. ನಾಳೆಯೇ ಇಲ್ಲವೆಂದ ಮೇಲೆ ಹೆಪ್ಪಿಗೆಂದು ಮೊಸರು ಯಾರು ಉಳಿಸುತ್ತಾರೆ? ಗಡಿಗೆ ಬಳಿದು ಉಂಡರು.

ತಮ್ಮನಿಗೆ ಮಾತ್ರ ತುತ್ತು ಇಳಿಯಲಿಲ್ಲ. ಎದ್ದು ಅಣ್ಣನ ಮನೆಗೆ ಹೋದ. ಅಣ್ಣ ತನ್ನ ಪಕ್ಕದಲ್ಲೇ ಎಲೆ ಹಾಕಿಸಿದ. ಅತ್ತಿಗೆ ಮನೆಯಲ್ಲಿದ್ದ ಕೊನೆಯ ಮೊಸರನ್ನು ಅವನ ಅನ್ನಕ್ಕೆ ಸುರಿದಳು. ಅಣ್ಣತಮ್ಮಂದಿರು ತಬ್ಬಿಕೊಂಡು ಮಕ್ಕಳ ಹಾಗೆ ಅತ್ತರು. ಪಾಪ, ಎಷ್ಟು ದಿನದ ಅಳುವೋ.

ಮರುದಿನ ಸೂರ್ಯ ಎಂದಿನಂತೆ ಹುಟ್ಟಿದ. ಹಸುಗಳು ಹಾಲು ಕೊಟ್ಟವು. ಹಾಲು ಕಾಯಿಸಿದರೆ ಹೆಪ್ಪು ಹಾಕಲು ಮೊಸರಿಲ್ಲ. ತಮ್ಮನ ಹೆಂಡತಿ ಮಾತ್ರ ಗಡಿಗೆ ಬಳಿಯುವಾಗಲೂ ಕೈಯ ರೂಢಿಯಿಂದ ಒಂದಿಷ್ಟು ಮೊಸರು ತೆಗೆದಿಟ್ಟು, ಪ್ರಳಯವನ್ನೇ ಮರೆತು ರಾತ್ರಿಯ ಹಾಲಿಗೆ ಹಾಕಿದ್ದಳು. ಊರಿನವರೆಲ್ಲ ನಾಚುತ್ತ, ನಗುತ್ತ, ಬಟ್ಟಲು ಹಿಡಿದು ಅವಳ ಬಾಗಿಲಿಗೆ ಬಂದರು. ಅಣ್ಣನ ಮನೆಯಿಂದ ಯಾರೂ ಬರಲಿಲ್ಲ.

ತಮ್ಮ ಜಗಲಿಯಲ್ಲಿ ಕೂತು ಕಾದ. ನಿನ್ನೆ ನಾನು ಹೋಗಿದ್ದಾಯಿತು, ಇವತ್ತು ಅವನೇ ಬರಲಿ ಎಂದುಕೊಂಡ. ನಿನ್ನೆ ಅತ್ತಿದ್ದು ನೆನಪಾದರೆ ನಾಚಿಕೆಯಿಂದ ಹಿಡಿಯಷ್ಟಾಗುತ್ತಿದ್ದ. ಅಣ್ಣನಿಗೂ ಹಾಗೇ ಆಗಿರಬೇಕು ಎಂದು ಹೊಳೆಯುವ ಹೊತ್ತಿಗೆ ಸಂಜೆಯಾಗಿತ್ತು. ಆ ಸೀಮೆಯಲ್ಲಿ ದೀಪ ಹಚ್ಚಿದ ಮೇಲೆ ಹೆಪ್ಪು ಕೊಡುವ ಪದ್ಧತಿಯಿಲ್ಲ. ಇವತ್ತು ಹೊತ್ತು ಮುಳುಗಿದರೆ ನಾಳೆಗೆ ಈ ನಾಚಿಕೆ ಬಲಿಯುತ್ತದೆ, ಆಮೇಲೆ ಮತ್ತೆ ಮೊದಲಿನ ಹಾಗೇ. ಇದನ್ನು ನೆನೆದು ಅವನಿಗೆ ಭಯವಾಯಿತು. ಅಮಾವಾಸ್ಯೆಗೂ ಅಷ್ಟು ಹೆದರಿರಲಿಲ್ಲ. ಹೆಪ್ಪಿನ ಬಟ್ಟಲು ಎತ್ತಿಕೊಂಡು ಅಣ್ಣನ ಮನೆಗೆ ಹೊರಟ.

ಅಣ್ಣ ತಲೆ ಎತ್ತಲಿಲ್ಲ. “ನಿನ್ನೆ ಲೋಕ ಮುಳುಗುತ್ತೆ ಅಂತ ಮಾತಾಡಿದ್ವಿ. ಇವತ್ತು ಏನಂತ ಮಾತಾಡೋದು, ತಮ್ಮಾ?”

“ಹಾಲು ಬೆಚ್ಚಗಿದೆಯಾ ನೋಡಣ್ಣ,” ಎಂದು ತಮ್ಮ ಬಟ್ಟಲು ಮುಂದಿಟ್ಟ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಅಡಿವೆಯ್ಯ ತಡೆಯಲಾರದೆ ಕೇಳಿದ: “ಕತೆಯೇನೋ ಸರಿ ಗುರುಗಳೇ. ಆದರೆ ಯಾವಾಗ ಎಂದು ನೀವು ಹೇಳಲೇ ಇಲ್ಲವಲ್ಲ?”

“ನಿಮ್ಮೂರಿನ ಬಸ್ಸು ಮೂರು ಗಂಟೆಗೆ,” ಎಂದರು ಗುರುಗಳು.